ಸಸ್ಯದೀಪಗಳ ಕೆಂಪು ಫಾಸ್ಫರುಗಳೂ ಶಾಖವೂ

ಸಸ್ಯಗಳು ಬೆಳಕಿಲ್ಲದೆ ಬಾಳಲಾರವೆಂಬುದು ಸರ್ವರಿಗೂ ತಿಳಿದ ವಿಷಯವೇ ಸರಿ. ಆದರೆ ಎಲ್ಲ ಬಣ್ಣದ ಬೆಳಕೂ ಸಸ್ಯದಲ್ಲಿ ಒಂದೇ ವಿಧವಾದ ಕಾರ್ಯವನ್ನು ನಡೆಯಿಸುವುದಿಲ್ಲ. ಎಲೆಯಲ್ಲಿರುವ ಪತ್ರಹರಿತ್ತೆಂಬ ವರ್ಣದ್ರವ್ಯವು ನೀಲಿಯನ್ನೂ ಕೆಂಪನ್ನೂ ವಿಶೇಷವಾಗಿ ಹೀರಿಕೊಂಡು, ಹಸುರಿನಲ್ಲಿ ಒಂದು ಭಾಗವನ್ನು ಹಿಂದಕ್ಕೆ ಚೆಲ್ಲಿಬಿಡುವುದರಿಂದಲೇ ಎಲೆಯು ಕಣ್ಣಿಗೆ ಹಸುರಾಗಿ ತೋರುವುದು. ಈಥರಿನಲ್ಲಿ ಕರಗಿಸಿ ಪರೀಕ್ಷಿಸಿದಾಗ ಪತ್ರಹರಿತ್ತಿನ ಎರಡು ಮುಖ್ಯ ಪ್ರಭೇದಗಳಲ್ಲಿ ಮೊದಲನೆಯದು ಕೆಂಪು ಬೆಳಕನ್ನು ಸುಮಾರು ೬೬೨ ನ್ಯಾನೊಮೀಟರು ತರಂಗದೂರದ ಬಳಿಯೂ, ಎರಡನೆಯದು ಸುಮಾರು ೬೪೪ರ ಬಳಿಯೂ ಅತ್ಯಧಿಕವಾಗಿ ಹೀರುವುದು ಕಂಡುಬರುತ್ತದೆ. ನ್ಯಾನೊಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಹಾಗೆಂದು ಮಿಕ್ಕ ಬಣ್ಣಗಳು ನಿಷ್ಪ್ರಯೋಜಕವೆಂದು ತಿಳಿಯಬಾರದು. ಕರಗಿಸಿದ ವರ್ಣದ್ರವ್ಯವು ಬೇರೆ, ಇಡಿಯ ಎಲೆಯು ಬೇರೆ. ಮೆಕ್‌ಕ್ರೀ ಎಂಬ ವಿದ್ವಾಂಸರು ೨೨ ಜಾತಿಯ ಪೈರುಗಳ ಎಲೆಗಳನ್ನು ಪರೀಕ್ಷಿಸಿ ೧೯೭೨ರಲ್ಲಿ ಪ್ರಕಟಿಸಿದ ಅಳತೆಗಳಿಂದ ಹಸುರು ಬೆಳಕೂ ಗಣನೀಯವಾದ ಕೆಲಸವನ್ನು ಮಾಡುವುದೆಂಬುದು ಸ್ಪಷ್ಟವಾಯಿತು. ಆದರೆ ಹೀರಲ್ಪಟ್ಟ ಬೆಳಕಿನ ಒಂದೊಂದು ಕಣಕ್ಕೆ ದೊರೆಯುವ ಪ್ರತಿಫಲವನ್ನು ಲೆಕ್ಕಹಾಕಿದಾಗ ಕೆಂಪಿಗೇ ಅಗ್ರಸ್ಥಾನವು ಸಂದಿತು.

ಆಹಾರನಿರ್ಮಾಣವಲ್ಲದೆ ಕೆಂಪು ಬೆಳಕಿಗೆ ಇನ್ನೊಂದು ಕಾರ್ಯವೂ ಉಂಟು. ಅಮೆರಿಕದ ಬೆಲ್ಟ್ಸ್‌ವಿಲ್ಲಿನಲ್ಲಿದ್ದ ಕೃಷಿ ಸಂಶೋಧನಾಲಯದಲ್ಲಿ ಬಾರ್ತ್‌ವಿಕ್, ಹೆಂಡ್ರಿಕ್ಸ್ ಮೊದಲಾದವರು ಲೆಟ್ಯೂಸ್ ಎಂಬ ಸೊಪ್ಪಿನ ಬೀಜಗಳ ಮೇಲೆ ಪ್ರಯೋಗಗಳನ್ನು ನಡೆಯಿಸಿ ೧೯೫೨ರಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಹೊರಪಡಿಸಿದರು. ನೆನೆದ ಬೀಜಗಳಿಗೆ ಕೆಂಪು ಬೆಳಕು ತಾಗಿದರೆ ಅವು ಮೊಳೆಯುವುವು. ಅದರ ಬೆನ್ನಿಗೇ ಕೆಂಪಿನ ಕೊನೆಯಂಚಿನ ದೂರಗೆಂಪು ಬೆಳಕು ತಾಗಿದರೆ ಮೊಳಕೆಯು ತಡೆಯಲ್ಪಡುವುದು. ಎರಡನ್ನೂ ಎಷ್ಟು ಸಲ ಬದಲಾಯಿಸಿ ಕೊಟ್ಟರೂ ಕೊನೆಯಲ್ಲಿ ತಾಗಿದ ಬೆಳಕು ಯಾವುದೋ ಅದರ ಪ್ರಭಾವವೇ ನಿಲ್ಲುವುದು. ಇದಕ್ಕೆ ಕಾರಣವಾದ ವರ್ಣದ್ರವ್ಯಕ್ಕೆ ಮುಂದೆ ಫೈಟೋಕ್ರೋಮ್ ಎಂಬ ಹೆಸರಾಯಿತು. ಅದು ಸುಮಾರು ೬೬೦ ನ್ಯಾನೊಮೀಟರಿನ ಬೆಳಕನ್ನು ಹೀರಿ ಒಂದು ರೂಪಕ್ಕೂ, ಸುಮಾರು ೭೩೦ರ ಬೆಳಕನ್ನು ಹೀರಿ ಮರಳಿ ಮೊದಲಿನ ರೂಪಕ್ಕೂ ತಿರುಗುವುದು. ಸೇವಂತಿಗೆಯು ರಾತ್ರಿಗಳು ದೀರ್ಘವಾದಾಗ ಹೂಬಿಡುವ ಗಿಡ. ರಾತ್ರಿಯ ನಡುವೆ ಕೆಂಪಿನಿಂದ ಕೂಡಿದ ಬೆಳಕನ್ನು ಸ್ವಲ್ಪ ಹೊತ್ತು ಬೀರಿದರೆ ಗಿಡವು ಅದನ್ನು ಗಿಡ್ಡ ರಾತ್ರಿಯೆಂದೇ ಎಣಿಸಿ ಹೂಬಿಡುವುದನ್ನು ಮುಂದಕ್ಕೆ ಹಾಕುವುದು. ಬೆಂಗಳೂರಿನ ಸುತ್ತಣ ಸೇವಂತಿಗೆಯ ಹೊಲಗಳಲ್ಲಿ ರಾತ್ರಿಯ ವೇಳೆ ದೀಪಗಳ ಸಾಲುಗಳು ಉರಿಯುವುದಕ್ಕೆ ಇದೇ ಕಾರಣ.

ಆದುದರಿಂದ ಸಸ್ಯಗಳಿಗಾಗಿ ಮಾಡಿದ ದೀಪದಲ್ಲಿ ಕೆಂಪು ಬೆಳಕು ಎಷ್ಟಿದೆ ಎಂಬುದಷ್ಟೇ ಅಲ್ಲ, ಅದು ಯಾವ ತರಂಗದೂರದಲ್ಲಿದೆ, ನೀಲಿಗೂ ದೂರಗೆಂಪಿಗೂ ಯಾವ ಪ್ರಮಾಣದಲ್ಲಿದೆ ಎಂಬುದೂ ಮುಖ್ಯವಾಗುವುದು. ದೀಪವು ಬಿಸಿಯಾದಂತೆಲ್ಲ ಕೆಂಪು ಮಾತ್ರ ಕುಗ್ಗಿ ನೀಲಿಯು ಹಾಗೆಯೇ ಉಳಿದರೆ, ಗಿಡಕ್ಕೆ ಸಲ್ಲುವ ಬೆಳಕು ಕಡಮೆಯಾಗುವುದರ ಜೊತೆಗೆ ಅದರ ಸ್ವರೂಪವೇ ಬೇರೆಯಾಗಿಬಿಡುವುದು. ಹೊತ್ತಿಸಿದ ಕ್ಷಣದಲ್ಲಿ ಅಳೆದ ದೀಪಕ್ಕೂ ಆರು ಗಂಟೆ ಉರಿದ ಮೇಲೆ ಅಳೆದ ದೀಪಕ್ಕೂ ಇರುವ ಈ ಅಂತರವೇ ಕೆಂಪು ಫಾಸ್ಫರುಗಳನ್ನು ಕುರಿತ ಸಂಶೋಧನೆಯ ಮೂಲ.

ಫಾಸ್ಫರು ಎಂಬ ಹೆಸರನ್ನು ಕೇಳಿ ಅದು ಬೆಂಕಿಕಡ್ಡಿಯ ಕಾರ್ಖಾನೆಗಳಲ್ಲಿ ಬಳಸುವ ರಂಜಕವೆಂದು ಭ್ರಮಿಸಬಾರದು. ಒಂದು ಬಣ್ಣದ ಬೆಳಕನ್ನು ಹೀರಿ ಬೇರೊಂದು ಬಣ್ಣದ ಬೆಳಕನ್ನು ಬೀರುವ ಸ್ಫಟಿಕಪುಡಿಗಳಿಗೆಲ್ಲ ಈ ಹೆಸರು ಸಲ್ಲುವುದು. ಅವುಗಳಲ್ಲಿ ಬಹುಪಾಲಿನಲ್ಲಿ ರಂಜಕದ ಲೇಶವೂ ಇರುವುದಿಲ್ಲ. ಜಪಾನಿನ ನಕಮುರ ಅವರು ೧೯೯೩ರಲ್ಲಿ ಪ್ರಖರವಾದ ನೀಲಿ ಎಲ್.ಇ.ಡಿ. ದೀಪವನ್ನು ಸಾಧಿಸಿದ ಮೇಲೆ, ಅದರ ಮೇಲೆ ಹಳದಿ ಫಾಸ್ಫರನ್ನು ಬಳಿದ ಬಿಳಿಯ ದೀಪಗಳು ೧೯೯೬ರಿಂದ ಮಾರಾಟಕ್ಕೆ ಬಂದುವು. ನೀಲಿ ದೀಪದ ಸಾಧನೆಗಾಗಿ ಅಕಸಾಕಿ, ಅಮಾನೊ, ನಕಮುರ ಈ ಮೂವರಿಗೂ ೨೦೧೪ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಹಳದಿಯ ಬದಲು ಕೆಂಪು ಫಾಸ್ಫರನ್ನು ಬಳಿದರೆ ನೀಲಿಯೂ ಕೆಂಪೂ ಒಂದೇ ದೀಪದಿಂದ ಹೊರಡುವುವು. ನೇರವಾಗಿ ೬೬೦ ನ್ಯಾನೊಮೀಟರಿನ ಬೆಳಕನ್ನೇ ಬೀರುವ ಎಲ್.ಇ.ಡಿ.ಗಳೂ ಉಂಟು, ಸಸ್ಯಗೃಹಗಳಲ್ಲಿ ಅವುಗಳ ಬಳಕೆ ಬಹಳ, ದಕ್ಷತೆಯೂ ಹಿರಿದು. ಫಾಸ್ಫರನ್ನು ಹೊಗಳುವವರು ಇದನ್ನು ಮರೆಮಾಡುವುದು ನ್ಯಾಯವಲ್ಲ. ಆದರೆ ಆ ದೀಪಗಳ ಕಾಂತಿಯೂ ಶಾಖದಿಂದ ಕುಗ್ಗುವುದಲ್ಲದೆ ತರಂಗದೂರವು ಮೆಲ್ಲಗೆ ಸರಿಯುವುದು. ಮೇಲಾಗಿ ಎರಡು ಬಗೆಯ ದೀಪಗಳಿಗೆ ಎರಡು ಬಗೆಯ ವಿದ್ಯುತ್ತಿನ ಏರ್ಪಾಡು ಬೇಕಾಗುವುದು. ಒಂದೇ ಬಗೆಯ ನೀಲಿ ದೀಪದಿಂದ ಬೇಕಾದ ಬೆಳಕನ್ನು ಪಡೆಯುವ ಸೌಕರ್ಯವು ಫಾಸ್ಫರಿನದು.

ಇನ್ನು ಶಾಖವು ಎಲ್ಲಿಂದ ಬರುವುದೆಂಬುದನ್ನು ನೋಡಬೇಕು. ನೀಲಿ ದೀಪದ ಶಾಖವು ಪಕ್ಕದಲ್ಲಿರುವ ಪುಡಿಗೆ ತಗಲುವುದು ಸಹಜವೇ. ಆದರೆ ಫಾಸ್ಫರಿನ ಕಣದೊಳಗೇ ಹುಟ್ಟುವ ಶಾಖವೊಂದುಂಟು. ಬೆಳಕಿನ ಕಣದ ಶಕ್ತಿಯು ತರಂಗದೂರಕ್ಕೆ ವಿಲೋಮವಾಗಿರುವುದರಿಂದ, ೪೫೦ ನ್ಯಾನೊಮೀಟರಿನ ನೀಲಿಯ ಒಂದು ಕಣವನ್ನು ಹೀರಿ ೬೬೦ರ ಕೆಂಪಿನ ಒಂದು ಕಣವನ್ನು ಬೀರಿದಾಗ ಶಕ್ತಿಯಲ್ಲಿ ಶೇಕಡ ೬೮ರಷ್ಟು ಮಾತ್ರ ಬೆಳಕಾಗಿ ಹೊರಬೀಳುವುದು. ಉಳಿದ ಶೇಕಡ ೩೨ ಕಣದೊಳಗೇ ಶಾಖವಾಗಿ ನಿಲ್ಲುವುದು. ಫಾಸ್ಫರು ಎಷ್ಟೇ ನಿರ್ದುಷ್ಟವಾಗಿದ್ದರೂ, ಹೀರಿದ ಒಂದೊಂದು ಕಣಕ್ಕೂ ತಪ್ಪದೆ ಒಂದೊಂದು ಕಣವನ್ನು ಹಿಂದಿರುಗಿಸಿದರೂ ಈ ತೆರಿಗೆಯು ತಪ್ಪದು. ಇದನ್ನು ಯಾವ ರಸಾಯನಶಾಸ್ತ್ರಜ್ಞನೂ ಪರಿಹರಿಸಲಾರನು. ಸಾಮಾನ್ಯ ದೀಪಗಳಲ್ಲಿ ಪುಡಿಯನ್ನು ಸಿಲಿಕೋನೆಂಬ ಅಂಟಿನಲ್ಲಿ ಕಲಸಿ ಬಳಿಯುವುದು ವಾಡಿಕೆ. ಸಿಲಿಕೋನು ಶಾಖವನ್ನು ಸಾಗಿಸುವುದರಲ್ಲಿ ಬಹಳ ಮಂದ. ಮೀಟರಿಗೆ, ಡಿಗ್ರಿಗೆ ೦.೨ ವಾಟಿನ ಆಸುಪಾಸು. ಆದಕಾರಣ ಕಣದಲ್ಲಿ ಹುಟ್ಟಿದ ಶಾಖವು ಹೊರಹೋಗಲು ದಾರಿಯಿಲ್ಲದೆ ಕಣವು ೧೦೦ರಿಂದ ೧೫೦ ಸೆಂಟಿಗ್ರೇಡ್ ಡಿಗ್ರಿಗಳವರೆಗೆ ಕಾಯುವುದು ಅಪೂರ್ವವಲ್ಲ. ಫಾಸ್ಫರುಗಳ ಗುಣವನ್ನು ೧೫೦ ಡಿಗ್ರಿಯಲ್ಲಿ ಪರೀಕ್ಷಿಸುವ ಪದ್ಧತಿಯು ಹೀಗೆ ಬಂದಿತು.

ಶಾಖದಿಂದ ಕಾಂತಿಯು ಏಕೆ ಕುಂದಬೇಕು? ಫಾಸ್ಫರಿನಲ್ಲಿ ಬೆಳಗುವುದು ಇಡಿಯ ಸ್ಫಟಿಕವಲ್ಲ. ಅದರಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದ ಯೂರೋಪಿಯಮ್ ಅಥವಾ ಮ್ಯಾಂಗನೀಸಿನಂಥ ಧಾತುವಿನ ಅಯಾನುಗಳು. ಇವುಗಳನ್ನು ಉದ್ದೀಪಕಗಳೆಂದೂ, ಅವುಗಳಿಗೆ ಎಡೆಗೊಟ್ಟಿರುವ ಸ್ಫಟಿಕವನ್ನು ಆಶ್ರಯವೆಂದೂ ಕರೆಯಬಹುದು. ನೀಲಿ ಬೆಳಕನ್ನು ಹೀರಿದ ಉದ್ದೀಪಕವು ಮೇಲಿನ ಶಕ್ತಿಸ್ಥಿತಿಗೆ ಏರುವುದು. ಏರಿದೊಡನೆ ಸುತ್ತಲಿನ ಪರಮಾಣುಗಳು ತಮ್ಮ ಸ್ಥಾನಗಳಿಂದ ಕೊಂಚ ಕದಲಿ ಹೊಸ ಸ್ಥಿತಿಗೆ ಹೊಂದಿಕೊಳ್ಳುವುವು. ಅಲ್ಲಿಂದ ಅದು ಬೆಳಕನ್ನು ಬೀರಿ ನೇರವಾಗಿ ಕೆಳಗಿಳಿಯಬೇಕು. ಆದರೆ ಬೇರೊಂದು ದಾರಿಯೂ ಉಂಟೆಂಬುದನ್ನು ಗರ್ನಿ, ಮಾಟ್, ಸೈಟ್ಸ್ ಎಂಬ ವಿದ್ವಾಂಸರು ೧೯೩೯ರಲ್ಲಿ ತಿಳಿಯಾಗಿ ವಿವರಿಸಿದರು. ಬೆಟ್ಟದ ಮೇಲ್ಗಣಿವೆಯಲ್ಲಿ ನಿಂತ ಪ್ರಯಾಣಿಕನು ಕೆಳಗಣಿವೆಗೆ ಒಂದೇ ನೆಗೆತಕ್ಕೆ ಧುಮುಕಬಹುದು. ಅಥವಾ ಪಕ್ಕದ ದಿಣ್ಣೆಯನ್ನು ಹತ್ತಿ, ಅದರಾಚೆಯ ಇಳಿಜಾರಿನಲ್ಲಿ ಮೆಟ್ಟಲು ಮೆಟ್ಟಲಾಗಿ ಇಳಿದುಹೋಗಬಹುದು. ಧುಮುಕಿದರೆ ಬೆಳಕು, ಮೆಟ್ಟಲಿಳಿದರೆ ಶಕ್ತಿಯೆಲ್ಲವೂ ಸ್ಫಟಿಕದ ಕಂಪನವಾಗಿ, ಎಂದರೆ ಶಾಖವಾಗಿ, ಪರಿಣಮಿಸುವುದು. ದಿಣ್ಣೆಯನ್ನು ಹತ್ತುವ ಬಲವನ್ನು ಕೊಡುವುದು ಉಷ್ಣವೇ. ಹೀಗೆ ವ್ಯರ್ಥವಾದ ಬೆಳಕು ಮತ್ತೆ ಶಾಖವಾಗಿ ಕಣವನ್ನು ಇನ್ನಷ್ಟು ಕಾಯಿಸುವುದರಿಂದ ಕೇಡಿಗೆ ಕೇಡು ಸೇರುವುದು.

ಯೂರೋಪಿಯಮಿನಲ್ಲಿ ಮತ್ತೊಂದು ಮಾರ್ಗವೂ ಇದೆ. ಮೇಲೇರಿದ ಎಲೆಕ್ಟ್ರಾನು ತನ್ನ ಅಯಾನನ್ನೇ ತೊರೆದು, ಆಶ್ರಯ ಸ್ಫಟಿಕದಲ್ಲಿ ಎಲೆಕ್ಟ್ರಾನುಗಳು ಸ್ವೇಚ್ಛೆಯಾಗಿ ಸಂಚರಿಸುವ ವಹನಪಟ್ಟಿಗೆ ಉಷ್ಣದ ಸಹಾಯದಿಂದ ಹಾರಿಹೋಗಬಹುದು. ಎಷ್ಟೋ ಸ್ಫಟಿಕಗಳಲ್ಲಿ ಕಾಂತಿಯು ಕುಂದುವುದಕ್ಕೆ ದಿಣ್ಣೆಗಿಂತ ಇದೇ ಪ್ರಧಾನ ಕಾರಣವೆಂದು ಹಾಲೆಂಡಿನ ಡೋರೆನ್‌ಬಾಸ್ ಅವರು ೨೦೦೫ರಲ್ಲಿ ಅನೇಕ ಸ್ಫಟಿಕಗಳ ಅಳತೆಗಳನ್ನು ಹೋಲಿಸಿ ವಾದಿಸಿದರು. ಯಾವ ದಾರಿಯಿಂದ ಕಾಂತಿಯು ಸೋರಿಹೋಗುತ್ತಿದೆ ಎಂಬುದನ್ನು ಮೊದಲು ಕಂಡುಕೊಳ್ಳದೆ ಚಿಕಿತ್ಸೆಯನ್ನು ಪ್ರಾರಂಭಿಸುವುದು ರೋಗವನ್ನರಿಯದೆ ಔಷಧವನ್ನು ಕೊಟ್ಟಂತೆ.

ಇಲ್ಲಿ ಸ್ವಲ್ಪ ಲೆಕ್ಕವು ಅವಶ್ಯಕ. ಸ್ಫಟಿಕದ ಕಂಪನವು ಉದ್ದೀಪಕವನ್ನು ದಿಣ್ಣೆಯ ಕಡೆಗೆ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಕೋಟಿ ಸಲ ನೂಕುವುದೆಂದು ಇಟ್ಟುಕೊಳ್ಳಬಹುದು. ಈ ನೂಕುಗಳಲ್ಲಿ ಯಶಸ್ವಿಯಾಗುವುವು ಬಹು ಕೆಲವು. ದಿಣ್ಣೆಯು ಎತ್ತರವಾದಷ್ಟೂ, ಉಷ್ಣತೆಯು ಕಡಮೆಯಾದಷ್ಟೂ ಅವು ವಿರಳ. ಎರಡು ಧನವಿದ್ಯುದಂಶಗಳನ್ನುಳ್ಳ ಯೂರೋಪಿಯಮ್ ಅಯಾನು ಸುಮಾರು ಒಂದು ಮೈಕ್ರೊಸೆಕೆಂಡಿನಲ್ಲಿ ಬೆಳಕನ್ನು ಬೀರಿಬಿಡುವುದು. ೧೫೦ ಡಿಗ್ರಿಯಲ್ಲಿ ಅದರ ಕಾಂತಿಯು ಅರ್ಧಕ್ಕಿಳಿಯಬೇಕಾದರೆ ದಿಣ್ಣೆಯ ಎತ್ತರವು ಸುಮಾರು ೦.೫೯ ಎಲೆಕ್ಟ್ರಾನ್ ವೋಲ್ಟು ಆಗಬೇಕೆಂದು ಲೆಕ್ಕವು ತೋರಿಸುವುದು. ನಾಲ್ಕು ಧನವಿದ್ಯುದಂಶಗಳನ್ನುಳ್ಳ ಮ್ಯಾಂಗನೀಸಾದರೋ ಬಹಳ ಸಾವಕಾಶದ ಸ್ವಭಾವದ್ದು. ಫ್ಲೋರೈಡುಗಳಲ್ಲಿ ಅದು ಬೆಳಕನ್ನು ಬೀರಲು ಸುಮಾರು ಎಂಟು ಮಿಲಿಸೆಕೆಂಡುಗಳನ್ನು, ಎಂದರೆ ಯೂರೋಪಿಯಮಿನ ಎಂಟು ಸಾವಿರದಷ್ಟು ಕಾಲವನ್ನು, ತೆಗೆದುಕೊಳ್ಳುವುದು. ಅಷ್ಟು ಹೊತ್ತು ಮೇಲೆ ಕಾದಿರುವ ಅಯಾನಿಗೆ ದಿಣ್ಣೆಯನ್ನು ದಾಟುವ ಅವಕಾಶಗಳೂ ಅಷ್ಟು ಹೆಚ್ಚು. ಅದೇ ಉಷ್ಣತೆಯಲ್ಲಿ ಅದೇ ಅರ್ಧ ಕಾಂತಿಯನ್ನು ಉಳಿಸಿಕೊಳ್ಳಲು ಅದಕ್ಕೆ ಸುಮಾರು ೦.೯೨ ಎಲೆಕ್ಟ್ರಾನ್ ವೋಲ್ಟಿನ ದಿಣ್ಣೆಯು ಬೇಕಾಗುವುದು. ನಿಧಾನವಾಗಿ ಬೆಳಗುವ ಉದ್ದೀಪಕಕ್ಕೆ ಹೆಚ್ಚು ಎತ್ತರದ ಗೋಡೆಯು ಬೇಕೆಂಬುದು ಇದರಿಂದ ತಿಳಿಯುವುದು. ಒಂದು ಉದ್ದೀಪಕಕ್ಕೆ ಸಾಕಾದ ಆಶ್ರಯವು ಇನ್ನೊಂದಕ್ಕೆ ಸಾಲದೆ ಹೋಗುವ ಗುಟ್ಟೂ ಇದೇ.

ಯೂರೋಪಿಯಮಿನ ಆಶ್ರಯಗಳ ಚರಿತ್ರೆಯು ಬೋಧಪ್ರದವಾದುದು. ಮೊದಲು ಬಳಕೆಯಲ್ಲಿದ್ದ ಕ್ಯಾಲ್ಸಿಯಮ್ ಸಲ್ಫೈಡಿನಲ್ಲಿ ಅದು ೬೫೦ ನ್ಯಾನೊಮೀಟರಿನ ಬಳಿ ಸೊಗಸಾದ ಕೆಂಪನ್ನು ಬೀರುವುದು. ಆದರೆ ಆ ಸ್ಫಟಿಕವು ತೇವ ತಾಗಿದರೆ ಕೊಳೆತ ಮೊಟ್ಟೆಯ ನಾತದ ಅನಿಲವನ್ನು ಬಿಡುತ್ತ ಕೆಟ್ಟುಹೋಗುವುದು. ಸಸ್ಯಗೃಹದಂಥ ತೇವಭರಿತ ಸ್ಥಳಕ್ಕೆ ಇದು ಸಲ್ಲದು. ಅನಂತರ ಸಿಲಿಕನ್ನೂ ಸಾರಜನಕವೂ ಬಿಗಿಯಾಗಿ ಹೆಣೆದುಕೊಂಡಿರುವ ನೈಟ್ರೈಡುಗಳ ಕಡೆಗೆ ಸಂಶೋಧಕರ ದೃಷ್ಟಿಯು ತಿರುಗಿತು. ಇಂಥ ಜಾಲದಲ್ಲಿ ಅಯಾನಿನ ಸುತ್ತಲಿನ ಪರಮಾಣುಗಳು ಸುಲಭವಾಗಿ ಕದಲಲಾರವು. ಕದಲಿಕೆಯು ಕಡಮೆಯಾದಷ್ಟೂ ಎರಡು ಕಣಿವೆಗಳ ನಡುವಿನ ದಿಣ್ಣೆಯು ಎತ್ತರವಾಗುವುದು. ೨೦೦೬ರಲ್ಲಿ ಜಪಾನಿನಿಂದ ಪ್ರಕಟವಾದ ಕ್ಯಾಲ್ಸಿಯಮ್ ಅಲ್ಯುಮಿನಿಯಮ್ ಸಿಲಿಕನ್ ನೈಟ್ರೈಡು ೬೫೦ರ ಸುತ್ತ ಬೆಳಗುತ್ತ, ೧೫೦ ಡಿಗ್ರಿಯಲ್ಲಿಯೂ ತನ್ನ ಕಾಂತಿಯ ಬಹುಭಾಗವನ್ನು ಉಳಿಸಿಕೊಂಡು ಇಂದಿಗೂ ಪ್ರಚಾರದಲ್ಲಿದೆ. ಅದರ ಕೊರತೆಯೆಂದರೆ ಬೆಳಕಿನ ಪಟ್ಟಿಯು ಬಹಳ ಅಗಲವಾಗಿ ೭೦೦ರಾಚೆಗೂ ಹರಡುವುದು. ಮನೆಯ ದೀಪಕ್ಕೆ ಇದು ನಷ್ಟ, ಸಸ್ಯದೀಪಕ್ಕೆ ಅಷ್ಟು ನಷ್ಟವಲ್ಲ, ಕೆಲವು ಪೈರುಗಳಿಗೆ ಲಾಭವೆನ್ನಲೂಬಹುದು. ೨೦೧೪ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಶ್ನಿಕ್ ಅವರೂ ಅವರ ಸಹೋದ್ಯೋಗಿಗಳೂ ಸ್ಟ್ರಾನ್ಷಿಯಮ್, ಲಿಥಿಯಮ್, ಅಲ್ಯುಮಿನಿಯಮ್‌ಗಳ ನೈಟ್ರೈಡೊಂದನ್ನು ವರ್ಣಿಸಿದರು. ಅದರ ಪಟ್ಟಿಯು ೬೫೦ರಲ್ಲಿ ಸುಮಾರು ೫೦ ನ್ಯಾನೊಮೀಟರಿನಷ್ಟೇ ಅಗಲ. ೨೨೭ ಡಿಗ್ರಿಯವರೆಗೆ ಕಾಯಿಸಿದರೂ ದಕ್ಷತೆಯ ಶೇಕಡ ೯೫ಕ್ಕೂ ಮಿಗಿಲಾದ ಭಾಗವು ಉಳಿಯಿತು. ಆದರೆ ತೇವದ ಶತ್ರುತ್ವವು ಅದನ್ನೂ ಬಿಡಲಿಲ್ಲ.

ಮ್ಯಾಂಗನೀಸಿನ ಕಥೆಯು ಇದಕ್ಕಿಂತ ಹಳೆಯದು. ಪಾದರಸದ ದೀಪಗಳ ಬೆಳಕಿನಲ್ಲಿ ಕೆಂಪಿಲ್ಲದಿರುವುದರಿಂದ ಅದರಡಿಯಲ್ಲಿ ಮನುಷ್ಯರ ಮುಖವು ಹೆಣದ ಮುಖದಂತೆ ಕಾಣುತ್ತಿದ್ದುದನ್ನು ಹಿರಿಯರು ಬಲ್ಲರು. ಈ ಕೊರತೆಯನ್ನು ನೀಗಲು ಹೊರಗಣ ಬುರುಡೆಯ ಒಳಮೈಗೆ ಕೆಂಪು ಫಾಸ್ಫರನ್ನು ಬಳಿಯಬೇಕಾಯಿತು. ಅಲ್ಲಿಯ ಉಷ್ಣತೆಯಾದರೋ ಇಂದಿನ ಎಲ್.ಇ.ಡಿ.ಗಿಂತಲೂ ಮಿಗಿಲು. ಮೆಗ್ನೀಸಿಯಮ್ ಜರ್ಮನೇಟಿಗೆ ಮ್ಯಾಂಗನೀಸನ್ನು ಸೇರಿಸಿ, ಅದರಲ್ಲಿ ಆಮ್ಲಜನಕದ ಒಂದಂಶದ ಬದಲು ಫ್ಲೋರೀನನ್ನು ಕೂಡಿಸಿದಾಗ ಶಾಖಕ್ಕೆ ಜಗ್ಗದ ಪುಡಿಯೊಂದು ದೊರೆಯಿತು. ಉತ್ತಮಗೊಳಿಸಿದ ಮೆಗ್ನೀಸಿಯಮ್ ಜರ್ಮನೇಟಿನ ಕಾಂತಿಯು ಉಷ್ಣತೆಯೊಡನೆ ಹೇಗೆ ವ್ಯತ್ಯಾಸವಾಗುವುದೆಂಬ ಅಳತೆಗಳನ್ನು ಥಾರಿಂಗ್ಟನ್ ಅವರು ೧೯೫೦ರಲ್ಲಿಯೇ ಪ್ರಕಟಿಸಿದ್ದರು. ಈ ಫಾಸ್ಫರು ಬೀರುವ ಬೆಳಕು ೬೬೦ರ ಸಮೀಪದಲ್ಲಿದ್ದು ಪತ್ರಹರಿತ್ತಿಗೂ ಫೈಟೋಕ್ರೋಮಿಗೂ ಚೆನ್ನಾಗಿ ಒಪ್ಪುವುದು. ಆದರೆ ಜರ್ಮೇನಿಯಮ್ ದುಬಾರಿ; ಪುಡಿಯು ನೀಲಿಗಿಂತ ನೇರಿಳೆಯನ್ನೇ ಹೆಚ್ಚಾಗಿ ಹೀರುವುದು. ಇಂದು ಸಸ್ಯದೀಪಗಳಿಗಾಗಿ ಹುಡುಕುತ್ತಿರುವ ಗುಣಗಳಲ್ಲಿ ಬಹುಪಾಲು ಎಪ್ಪತ್ತು ವರ್ಷಗಳಿಗೂ ಹಿಂದಿನ ಆ ಪುಡಿಯಲ್ಲಿ ಆಗಲೇ ಇದ್ದುವೆಂಬುದನ್ನು ಈಚಿನ ಲೇಖನಗಳು ಹಲವು ವೇಳೆ ನೆನೆಯುವುದೇ ಇಲ್ಲ.

ಪೂರ್ಣವಾಗಿ ಫ್ಲೋರೀನಿನಿಂದಲೇ ಸುತ್ತುವರಿಯಲ್ಪಟ್ಟ ಮ್ಯಾಂಗನೀಸಿನ ದಕ್ಷತೆಯನ್ನು ೧೯೭೩ರಲ್ಲಿ ಪೌಲುಸ್ ಅವರು ತೋರಿಸಿಕೊಟ್ಟರು. ಅದರ ಪ್ರತಿನಿಧಿಯಾದ ಪೊಟಾಸಿಯಮ್ ಫ್ಲೋರೋಸಿಲಿಕೇಟು ನೀಲಿಯನ್ನು ಚೆನ್ನಾಗಿ ಹೀರಿ ೬೩೦ರ ಸುಮಾರಿನಲ್ಲಿ ಕಿರಿದಾದ ಗೆರೆಗಳಾಗಿ ಬೆಳಗುವುದು. ದೂರದರ್ಶನದ ಪರದೆಗಳಿಗೂ ಮನೆಯ ದೀಪಗಳಿಗೂ ಅದು ವರವಾಗಿ ಪರಿಣಮಿಸಿತು. ಇಂಥ ಫ್ಲೋರೈಡುಗಳಲ್ಲಿ ಕಾಂತಿಯು ಯಾವ ದಾರಿಯಿಂದ ನಷ್ಟವಾಗುವುದೆಂಬುದನ್ನು ಹಾಲೆಂಡಿನ ಸೆಂಡೆನ್, ಮೈಯರಿಂಕ್ ಮೊದಲಾದವರು ೨೦೧೮ರಲ್ಲಿ ವಿಶದಪಡಿಸಿದರು. ಮ್ಯಾಂಗನೀಸಿಗೆ ಬೆಳಕನ್ನು ಬೀರುವ ಕೆಳಗಿನ ಅಂತಸ್ತೊಂದು, ಅದರ ಮೇಲೆ ಇನ್ನೊಂದು ಅಂತಸ್ತು. ಕೆಳಗಿನದರಲ್ಲಿರುವಾಗ ನೆರೆಯ ಪರಮಾಣುಗಳು ಹೆಚ್ಚು ಕಡಮೆ ಕದಲುವುದೇ ಇಲ್ಲ. ಮೇಲಿನದಕ್ಕೆ ಏರಿದರೆ ಬಹಳ ಕದಲುವುವು. ಉಷ್ಣವು ಅಯಾನನ್ನು ಮೇಲಿನ ಅಂತಸ್ತಿಗೆ ಎತ್ತಿದಾಗಲೇ ದಿಣ್ಣೆಯ ದಾರಿಯು ತೆರೆಯುವುದು. ಮೇಲಿನ ಅಂತಸ್ತು ಎತ್ತರವಾದಷ್ಟೂ ಫಾಸ್ಫರು ಶಾಖಕ್ಕೆ ಹೆಚ್ಚು ತಡೆಯುವುದು. ಮ್ಯಾಂಗನೀಸಿಗೂ ಫ್ಲೋರೀನಿಗೂ ನಡುವಣ ದೂರವು ಕಿರಿದಾದಷ್ಟೂ ಆ ಅಂತಸ್ತು ಎತ್ತರವಾಗುವುದು. ಆದುದರಿಂದ ಚಿಕ್ಕ ಅಯಾನಿನ ಸ್ಥಾನದಲ್ಲಿ ಮ್ಯಾಂಗನೀಸನ್ನು ಇಕ್ಕಟ್ಟಾಗಿ ಕೂರಿಸುವ ಆಶ್ರಯವೇ ಶ್ರೇಯಸ್ಕರವೆಂದಾಯಿತು.

ಆದರೆ ಸಸ್ಯಗಳ ದೃಷ್ಟಿಯಿಂದ ಇಲ್ಲೊಂದು ತೊಡಕು ಇದೆ. ೬೩೦ರ ಬೆಳಕು ಆಹಾರನಿರ್ಮಾಣಕ್ಕೆ ಯೋಗ್ಯವಾದರೂ ೬೬೦ರ ಗುರಿಯನ್ನು ಮುಟ್ಟಲಿಲ್ಲ. ಮ್ಯಾಂಗನೀಸಿನ ಬೆಳಕನ್ನು ೬೫೦ರಿಂದ ೭೨೦ರ ಎಡೆಗೆ ಎಳೆಯಬೇಕಾದರೆ ಫ್ಲೋರೀನಿನ ಬದಲು ಆಮ್ಲಜನಕದ ನೆರೆಯು ಬೇಕು. ಆಕ್ಸೈಡುಗಳು ನೀರಿಗೂ ಗಾಳಿಗೂ ಅಂಜುವುದಿಲ್ಲ. ಮಾಡುವುದಕ್ಕೆ ವಿಷಮಯವಾದ ಹೈಡ್ರೊಫ್ಲೋರಿಕ್ ಆಮ್ಲವು ಬೇಡ. ಸಾಮಾನ್ಯ ಕುಲುಮೆಯೇ ಸಾಕು. ಆದರೆ ಎಷ್ಟೋ ಟೈಟನೇಟುಗಳಲ್ಲಿ ಕೊಠಡಿಯ ಉಷ್ಣತೆಯಿಂದ ಸ್ವಲ್ಪ ಮೇಲೇರುವುದರೊಳಗಾಗಿ ಮ್ಯಾಂಗನೀಸಿನ ಕಾಂತಿಯು ಕುಸಿದುಬೀಳುವುದು. ಅಲ್ಯುಮಿನೇಟುಗಳು ಇದಕ್ಕಿಂತ ಮೇಲು. ೧೯೭೧ರಲ್ಲಿ ಬರ್ಗ್‌ಸ್ಟೈನ್ ಮತ್ತು ವೈಟ್ ಎಂಬವರು ವರ್ಣಿಸಿದ ಕ್ಯಾಲ್ಸಿಯಮ್ ಅಲ್ಯುಮಿನೇಟು ೬೫೬ರ ಬಳಿ ಬೆಳಗುವುದರಿಂದ ಸಸ್ಯದೀಪಗಳ ಪ್ರಸ್ತಾಪ ಬಂದಾಗಲೆಲ್ಲ ಅದರ ಹೆಸರು ಬರುವುದು. ಅದರಲ್ಲಿ ನಾಲ್ಕು ವಿದ್ಯುದಂಶಗಳ ಮ್ಯಾಂಗನೀಸು ಮೂರು ವಿದ್ಯುದಂಶಗಳ ಅಲ್ಯುಮಿನಿಯಮಿನ ಪೀಠದಲ್ಲಿ ಕುಳಿತುಕೊಳ್ಳಬೇಕಾಗಿರುವುದರಿಂದ ಒಂದು ವಿದ್ಯುದಂಶವು ಹೆಚ್ಚಾಗಿ, ಲೆಕ್ಕವನ್ನು ಸರಿದೂಗಿಸಲು ಸ್ಫಟಿಕದಲ್ಲಿ ತೆರಪುಗಳೂ ದೋಷಗಳೂ ಹುಟ್ಟುವುವು. ಅಲೆದಾಡುವ ಶಕ್ತಿಯನ್ನು ನುಂಗುವ ಬಾವಿಗಳೆಂದರೆ ಈ ದೋಷಗಳೇ. ಎರಡು ವಿದ್ಯುದಂಶಗಳ ಮೆಗ್ನೀಸಿಯಮನ್ನು ಸಮಪ್ರಮಾಣದಲ್ಲಿ ಸೇ­ರಿಸಿದರೆ, ನಾಲ್ಕೂ ಎರಡೂ ಕೂಡಿ ಎರಡು ಅಲ್ಯುಮಿನಿಯಮುಗಳ ಆರಕ್ಕೆ ಸರಿಹೊಂದುವುದು. ದೋಷಗಳು ತಗ್ಗಿ ಕಾಂತಿಯು ಹೆಚ್ಚುವುದು. ಮ್ಯಾಂಗನೀಸಿನ ಪ್ರಮಾಣವನ್ನು ಮಿತಿಮೀರಿ ಏರಿಸುವುದೂ ಅಪಾಯಕರ. ಅಯಾನುಗಳು ಒತ್ತೊತ್ತಾಗಿ ಕುಳಿತರೆ ಶಕ್ತಿಯು ಒಂದರಿಂದೊಂದಕ್ಕೆ ಹಾಯುತ್ತ ಕೊನೆಗೆ ದೋಷವೊಂದನ್ನು ತಲಪಿ ನಷ್ಟವಾಗುವುದು. ಉಷ್ಣವು ಈ ಹಾಯುವಿಕೆಯನ್ನು ಇನ್ನಷ್ಟು ಸುಗಮಗೊಳಿಸುವುದು.

ಇದುವರೆಗೆ ಹೇಳಿದುದೆಲ್ಲವೂ ತಾತ್ಕಾಲಿಕವಾದ ಮಾಂದ್ಯ; ದೀಪವು ಆರಿ ತಣ್ಣಗಾದರೆ ಕಾಂತಿಯು ಮರಳುವುದು. ಮರಳದೆ ಹೋಗುವ ಶಾಶ್ವತ ಕ್ಷಯವು ಬೇರೆಯ ವ್ಯಾಧಿ. ಎರಡನ್ನೂ ಉಷ್ಣಸ್ಥೈರ್ಯವೆಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಬಹಳ ಗೊಂದಲವುಂಟಾಗಿದೆ. ಸ್ಟ್ರಾನ್ಷಿಯಮ್ ಸಿಲಿಕನ್ ನೈಟ್ರೈಡನ್ನು ಗಾಳಿಯಲ್ಲಿ ಕಾಯಿಸಿದರೆ ಕಣಗಳ ಹೊರಮೈಯಲ್ಲಿ ಯೂರೋಪಿಯಮ್ ಆಮ್ಲಜನಕದೊಡನೆ ಬೆರೆತು, ಎರಡರ ಬದಲು ಮೂರು ವಿದ್ಯುದಂಶಗಳನ್ನು ಪಡೆದು, ನೀಲಿಯನ್ನು ಹೀರುವ ಶಕ್ತಿಯನ್ನೇ ಕಳೆದುಕೊಳ್ಳುವುದು. ಮ್ಯಾಂಗನೀಸಿನ ಫ್ಲೋರೈಡಾದರೋ ತೇವವೂ ಶಾಖವೂ ಒಟ್ಟುಗೂಡಿದಾಗ ಮೇಲ್ಮೈಯಲ್ಲಿ ಕಂದುಬಣ್ಣದ ಮ್ಯಾಂಗನೀಸ್ ಡಯಾಕ್ಸೈಡಾಗಿ ಮಾರ್ಪಡುವುದು. ಈ ಕಂದು ಪೊರೆಯು ಒಳಬರುವ ನೀಲಿಯನ್ನೂ ಹೊರಹೋಗುವ ಕೆಂಪನ್ನೂ ಒಟ್ಟಿಗೆ ನುಂಗುವುದು. ಇದಕ್ಕೆ ಕಂಡುಕೊಂಡ ಉಪಾಯವು ಸರಳವಾದರೂ ಚಮತ್ಕಾರವಾದುದು. ಪುಡಿಯನ್ನು ಹೈಡ್ರೊಜನ್ ಪೆರಾಕ್ಸೈಡು ಅಥವಾ ಆಕ್ಸಾಲಿಕ್ ಆಮ್ಲದಂಥ ದ್ರವ್ಯದಿಂದ ತೊಳೆದರೆ ಮೇಲ್ಮೈಯ ಮ್ಯಾಂಗನೀಸಷ್ಟೇ ಕರಗಿಹೋಗಿ, ಮ್ಯಾಂಗನೀಸಿಲ್ಲದ ಶುದ್ಧ ಫ್ಲೋರೈಡಿನ ಚಿಪ್ಪೊಂದು ಕಣದ ಸುತ್ತ ಉಳಿಯುವುದು. ಒಳಗಣ ಮ್ಯಾಂಗನೀಸನ್ನು ನೀರು ಮುಟ್ಟಲಾರದು. ಇಂಥ ಪುಡಿಗಳನ್ನು ೮೫ ಡಿಗ್ರಿ ಉಷ್ಣತೆ, ಶೇಕಡ ೮೫ ಆರ್ದ್ರತೆಯ ಪೆಟ್ಟಿಗೆಯಲ್ಲಿ ನೂರಾರು ಗಂಟೆಗಳ ಕಾಲ ಇರಿಸಿ ಪರೀಕ್ಷಿಸುವುದು ರೂಢಿಯಾಗಿದೆ. ದಿನವೂ ನೀರು ಸಿಂಪಡಿಸುವ ಸಸ್ಯಗೃಹಗಳಲ್ಲಿ ನೇತುಬೀಳುವ ದೀಪಗಳಿಗೆ, ೧೫೦ ಡಿಗ್ರಿಯ ಕ್ಷಣಿಕ ಪರೀಕ್ಷೆಗಿಂತಲೂ ಈ ಪರೀಕ್ಷೆಯೇ ಹೆಚ್ಚು ಸಮಂಜಸವೆನ್ನಬೇಕು.

ಅಳತೆಯ ವಿಷಯದಲ್ಲಿಯೂ ಎಚ್ಚರಿಕೆಯು ಅವಶ್ಯಕ. ಸಾಮಾನ್ಯವಾಗಿ ಲೇಖನಗಳಲ್ಲಿ ಕೊಠಡಿಯ ಉಷ್ಣತೆಯ ಕಾಂತಿಯನ್ನು ನೂರೆಂದು ಇಟ್ಟುಕೊಂಡು ೧೫೦ ಡಿಗ್ರಿಯಲ್ಲಿ ಎಷ್ಟು ಉಳಿಯಿತೆಂಬುದನ್ನು ಹೇಳುವರು. ಹೀರಿದ ನೂರು ಕಣಗಳಿಗೆ ಮೂವತ್ತನ್ನೇ ಹಿಂದಿರುಗಿಸುವ ಪುಡಿಯೊಂದು ಶಾಖದಲ್ಲಿ ಶೇಕಡ ೯೫ನ್ನು ಉಳಿಸಿಕೊಂಡರೆ ಕೈಗೆ ಬಂದುದು ಇಪ್ಪತ್ತೆಂಟೂವರೆ. ತೊಂಬತ್ತನ್ನು ಹಿಂದಿರುಗಿಸುವ ಪುಡಿಯು ಶೇಕಡ ೮೦ಕ್ಕೆ ಇಳಿದರೂ ಕೈಗೆ ಬರುವುದು ಎಪ್ಪತ್ತೆರಡು. ಮೊದಲನೆಯದನ್ನು ಸ್ಥಿರವೆಂದು ಹೊಗಳಿ ಎರಡನೆಯದನ್ನು ದುರ್ಬಲವೆಂದು ತಳ್ಳಿದರೆ ಬೆಳೆಗಾರನಿಗೆ ಆದ ಉಪಕಾರವೇನು? ಪೊಟಾಸಿಯಮ್ ಫ್ಲೋರೋಸಿಲಿಕೇಟಿನ ಕಾಂತಿಯು ಕಾಯಿಸಿದಾಗ ನೂರನ್ನೂ ಮೀರಿ ಏರುವುದುಂಟು. ಇದರಲ್ಲಿ ಪವಾಡವೇನೂ ಇಲ್ಲ. ಮ್ಯಾಂಗನೀಸು ಬೆಳಕನ್ನು ಹೀರುವುದಕ್ಕೂ ಬೀರುವುದಕ್ಕೂ ಸ್ಫಟಿಕದ ಸಮರೂಪತೆಯ ನಿಯಮವು ಅಡ್ಡಿಮಾಡುವುದು. ಪರಮಾಣುಗಳ ಕಂಪನವು ಆ ಅಡ್ಡಿಯನ್ನು ಸಡಿಲಿಸುವುದು. ಕಾಯಿಸಿದಂತೆಲ್ಲ ಕಂಪನವು ಹೆಚ್ಚಿ, ಪುಡಿಯು ನೀಲಿಯನ್ನು ಹೆಚ್ಚಾಗಿ ಹೀರಿ ಹೆಚ್ಚಾಗಿ ಬೆಳಗುವುದೇ ಹೊರತು ಅದರ ದಕ್ಷತೆಯು ನೂರನ್ನು ಮೀರಿದಂತಾಗಲಿಲ್ಲ. ಇದೇ ಕಾರಣದಿಂದ ಅದರ ಬೆಳಗುವ ಕಾಲಾವಧಿಯು ಕಾಂತಿನಷ್ಟವಿಲ್ಲದೆಯೇ ಕಿರಿದಾಗುವುದು. ಯೂರೋಪಿಯಮಿನಲ್ಲಾದರೆ ಕಾಲಾವಧಿಯು ಕಿರಿದಾಗುವುದು ಸಾಮಾನ್ಯವಾಗಿ ನಷ್ಟದ ಗುರುತು. ಒಂದೇ ಲಕ್ಷಣಕ್ಕೆ ಎರಡು ಉದ್ದೀಪಕಗಳಲ್ಲಿ ಎರಡು ಅರ್ಥ.

೨೦೧೭ರಲ್ಲಿ ಕೊರಿಯದ ಸಂಶೋಧಕರು ಸೋಡಿಯಮ್ ಸ್ಕ್ಯಾಂಡಿಯಮ್ ಫಾಸ್ಫೇಟಿನಲ್ಲಿ ಯೂರೋಪಿಯಮನ್ನು ಬೆರೆಸಿ, ೨೦೦ ಡಿಗ್ರಿಯವರೆಗೆ ಕಾಂತಿಯು ಕುಂದದ ನೀಲಿ ಫಾಸ್ಫರನ್ನು ಪ್ರಕಟಿಸಿದ ಮೇಲೆ, ಶೂನ್ಯಮಾಂದ್ಯವೆಂಬ ಮಾತು ಕೆಂಪು ಫಾಸ್ಫರುಗಳ ಲೇಖನಗಳಲ್ಲಿಯೂ ಮನೆಮಾತಾಗಿಹೋಯಿತು. ಸ್ಫಟಿಕದ ದೋಷಗಳಲ್ಲಿ ಸಿಕ್ಕಿಕೊಂಡಿರುವ ಎಲೆಕ್ಟ್ರಾನುಗಳು ಶಾಖದಿಂದ ಬಿಡುಗಡೆ ಹೊಂದಿ ಉದ್ದೀಪಕಕ್ಕೆ ಶಕ್ತಿಯನ್ನು ಮರಳಿಸುವುವೆಂಬುದು ಇದಕ್ಕೆ ಹೇಳುವ ಕಾರಣ. ಕಾರಣವು ಅಸಂಭವವಲ್ಲ. ಆದರೆ ಆ ಎಲೆಕ್ಟ್ರಾನುಗಳನ್ನು ದೋಷಗಳಲ್ಲಿ ಕೂಡಿಟ್ಟದ್ದೂ ಅದೇ ನೀಲಿ ಬೆಳಕೇ. ಕಣಜದಲ್ಲಿ ತುಂಬಿದ್ದ ಕಾಳನ್ನು ತೆಗೆದು ಉಣ್ಣುವುದು ಕಣಜವು ಬರಿದಾಗುವವರೆಗೆ ಮಾತ್ರ. ದೀಪವು ಹನ್ನೆರಡು ಗಂಟೆ ಸತತವಾಗಿ ಉರಿಯುವಾಗ ತುಂಬುವುದೂ ತೆಗೆಯುವುದೂ ಸಮವಾಗಲೇಬೇಕಾದುದರಿಂದ, ಕ್ಷಿಪ್ರವಾಗಿ ಕಾಯಿಸಿ ಅಳೆದ ಏರಿಕೆಯನ್ನು ದೀಪದ ಸ್ಥಿರವಾದ ಗುಣವೆಂದು ಎಣಿಸುವುದು ತಪ್ಪು. ಒಂದೊಂದು ಉಷ್ಣತೆಯಲ್ಲಿಯೂ ಬಹಳ ಹೊತ್ತು ನಿಲ್ಲಿಸಿ, ಹೀರಿದ ಕಣಗಳಿಗೂ ಬೀರಿದ ಕಣಗಳಿಗೂ ಇರುವ ನಿಷ್ಪತ್ತಿಯನ್ನು ಕೊಡುವ ಲೇಖನಗಳೇ ನಂಬಿಕೆಗೆ ಅರ್ಹವಾದುವು.

ರಾಸಾಯನಿಕ ಚಿಕಿತ್ಸೆಯ ಜೊತೆಗೆ ಕಣವನ್ನು ತಂಪಾಗಿಡುವ ಉಪಾಯಗಳೂ ಉಂಟು. ಪುಡಿಯನ್ನು ಸಿಲಿಕೋನಿನ ಬದಲು ಗಾಜಿನಲ್ಲಿ ಹುದುಗಿಸಿದರೆ ಶಾಖವು ಸುಮಾರು ಐದರಷ್ಟು ಸುಲಭವಾಗಿ ಹರಿಯುವುದು. ಫಾಸ್ಫರನ್ನೇ ಒತ್ತಿ ಸುಟ್ಟು ಬಿಲ್ಲೆಯಾಗಿ ಮಾಡಿದರೆ ಇನ್ನೂ ಸುಲಭ. ಹಳದಿ ಫಾಸ್ಫರಾದ ಇಟ್ರಿಯಮ್ ಅಲ್ಯುಮಿನಿಯಮ್ ಗಾರ್ನೆಟ್ಟಿನ ಬಿಲ್ಲೆಗಳು ಸಿಲಿಕೋನಿನ ಐವತ್ತರಷ್ಟು ಚೆನ್ನಾಗಿ ಶಾಖವನ್ನು ಸಾಗಿಸುವುವು. ಕೆಂಪಿನ ವಿಷಯದಲ್ಲಿ ಇದು ಅಷ್ಟು ಸುಲಭಸಾಧ್ಯವಲ್ಲ. ನೈಟ್ರೈಡುಗಳು ಕರಗಿದ ಗಾಜಿನ ಆಮ್ಲಜನಕಕ್ಕೆ ಬಲಿಯಾಗುವ ಭಯವಿರುವುದರಿಂದ ಕಡಮೆ ಉಷ್ಣತೆಯಲ್ಲಿ ಕರಗುವ ಗಾಜುಗಳನ್ನು ಹುಡುಕಬೇಕಾಗಿದೆ. ಫ್ಲೋರೈಡುಗಳು ಅಷ್ಟು ಬೇಗೆಯನ್ನೂ ಸಹಿಸವು. ಮ್ಯಾಂಗನೀಸಿನ ಆಕ್ಸೈಡುಗಳು ಮಾತ್ರ ಕುಲುಮೆಯಲ್ಲಿಯೇ ಹುಟ್ಟಿದುವಾದುದರಿಂದ ಗಾಜಿಗೂ ಬಿಲ್ಲೆಗೂ ಒಗ್ಗುವುವು. ಸಸ್ಯದೀಪಗಳ ಕಾರ್ಯಕ್ಕೆ ಅವುಗಳ ಪಕ್ಷವನ್ನು ಹಿಡಿಯಲು ಇದೊಂದು ಬಲವಾದ ಕಾರಣ. ಆದರೂ ಮ್ಯಾಂಗನೀಸಿನ ನಿಧಾನವು ಇಲ್ಲಿಯೂ ಬೆನ್ನುಬಿಡದು: ಒಂದು ಕಣವನ್ನು ಹೀರಿದ ಅಯಾನು ಮಿಲಿಸೆಕೆಂಡುಗಳ ಕಾಲ ಮತ್ತೊಂದನ್ನು ಬೆಳಕಾಗಿ ಮಾರ್ಪಡಿಸಲಾರದಾದುದರಿಂದ, ನೀಲಿ ಬೆಳಕು ಅತಿಪ್ರಖರವಾದಾಗ ಅಯಾನುಗಳ ಬಹುಭಾಗವು ಮೇಲೆಯೇ ತುಂಬಿಕೊಂಡು, ಶಾಖವು ಹೆಚ್ಚದಿದ್ದರೂ ದಕ್ಷತೆಯು ಇಳಿಯುವುದು. ಆ ಕಾರಣದಿಂದ ಇಂಥ ಪುಡಿಗಳನ್ನು ದೀಪದ ಬಾಯಿಗೆ ಅಂಟಿಸದೆ, ಕೊಂಚ ದೂರದಲ್ಲಿ ಅಗಲವಾದ ಗಾಜಿನ ಫಲಕದ ಮೇಲೆ ಹರಡಿ ನಿಲ್ಲಿಸುವ ಏರ್ಪಾಡು ಹೆಚ್ಚು ಅನುಕೂಲ. ಫಲಕದ ಪ್ರತಿಯೊಂದು ಭಾಗದ ಮೇಲೆ ಬೀಳುವ ನೀಲಿಯು ಆಗ ತಗ್ಗುವುದು, ದೀಪದ ಶಾಖವು ಪುಡಿಗೆ ತಗಲುವುದೂ ತಪ್ಪುವುದು; ಕಣಗಳೊಳಗೆ ಹುಟ್ಟುವ ಆ ಶೇಕಡ ೩೨ರ ಶಾಖವನ್ನು ಹೊರಸಾಗಿಸುವ ಭಾರವು ಮಾತ್ರ ಗಾಜಿನ ಪಾಲಿಗೆ ಉಳಿಯುವುದು.